ಗುರಮ್ಮತ್ತೆಯ ಕರಡಿಗೆ ಕಳೆದ ದಿನ

ಹೋದ ತಿಂಗಳು ನಾನು ನಮ್ಮ ಅತ್ತೆಯ ದೇವರನ್ನು ಕಳೆದುಬಿಟ್ಟೆ.

ಮಾತಿನ ಚಂದಕ್ಕೆ ಹೇಳುತ್ತಿಲ್ಲ. ನಿಜವಾಗಿಯೂ ಕಳೆದೆ. ಹಾಡಹಗಲು, ಹುಮನಾಬಾದಿನ ರಸ್ತೆಯಲ್ಲಿ, ನನ್ನದೇ ಕೈಚೀಲದಿಂದ. ಒಂದು ಇಡೀ ದಿನ ಅದು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಆ ಒಂದು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ ಬಂದಿದ್ದೇನೆ (ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ).

ಗುರಮ್ಮತ್ತೆ ನನ್ನ ಅಪ್ಪನ ಅಕ್ಕ. ಎಪ್ಪತ್ತೆರಡು ವರ್ಷ. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಲ್ಲಿ ಮಗ ಮಲ್ಲಿಕಾರ್ಜುನನ ತುಂಬಿದ ಮನೆಯಲ್ಲಿ ಇರುತ್ತಾಳೆ. ಎರಡು ವರ್ಷದಿಂದ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸಿಕೋ ಎಂದು ಎಲ್ಲರೂ ಹೇಳಿ ಸೋತಿದ್ದೆವು. ಕಾಣದಿದ್ದರೂ ಆಕೆಯ ಕೆಲಸವೇನೂ ನಿಂತಿರಲಿಲ್ಲ. ಅಕ್ಕಿಯ ಕಲ್ಲನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದಳು. ಕೊನೆಗೊಂದು ದಿನ ತಾನಾಗಿಯೇ ಒಪ್ಪಿದಳು. ಯಾಕೆ ಎಂದು ಕೇಳಿದರೆ, ಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗ ಮಸುಕಾಗಿ ಕಾಣುತ್ತಿದೆ, ಅದೊಂದು ಸ್ವಚ್ಛ ಕಂಡರೆ ಸಾಕು ಎಂದಳು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಎರಡು ಮಾತು. ಇಷ್ಟಲಿಂಗ ಎಂದರೆ ಬೋರೆಹಣ್ಣಿನಷ್ಟು ಗಾತ್ರದ, ಕಪ್ಪಗೆ ಹೊಳೆಯುವ ಲಿಂಗ. ಅದನ್ನು ಬಟ್ಟೆಯಲ್ಲಿ ಸುತ್ತಿ, ಕರಡಿಗೆ ಎಂಬ ಬೆಳ್ಳಿಯ ಭರಣಿಯಲ್ಲಿಟ್ಟು, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಪೂಜೆಯ ಹೊತ್ತಿಗೆ ಎಡ ಅಂಗೈ ಮೇಲಿಟ್ಟು ಕಣ್ಣು ಕೀಲಿಸಿ ನೋಡುತ್ತಾರೆ. ಗುರಮ್ಮತ್ತೆಯಂಥ ನೇಮದವರು ಲಿಂಗ ಮೈಮೇಲೆ ಇಲ್ಲದಿದ್ದರೆ ಹನಿ ನೀರೂ ಕುಡಿಯುವುದಿಲ್ಲ.

ಆಪರೇಷನ್ ಹುಮನಾಬಾದಿನಲ್ಲಿ. ನಾನಿರುವುದೂ ಅಲ್ಲೇ. ಬೆಳಿಗ್ಗೆ ಥಿಯೇಟರಿಗೆ ಕರೆದೊಯ್ಯುವ ಮೊದಲು ನರ್ಸ್ ಮೈಮೇಲಿದ್ದುದನ್ನೆಲ್ಲ ತೆಗೆಯಲು ಹೇಳಿದಳು. ಅತ್ತೆ ಕಿವಿಯ ಬೆಂಡೋಲೆ ತೆಗೆದು ಮಗನಿಗೆ ಕೊಟ್ಟಳು. ಕರಡಿಗೆಯನ್ನು ಮಾತ್ರ ನನ್ನ ಕಡೆ ಚಾಚಿದಳು.

"ಸುಜಾತಾ, ನೆಲಕ್ಕ ಇಡಬ್ಯಾಡ" ಎಂದಳು. ಅಷ್ಟೇ.

ನೆಲಕ್ಕೆ ಇಡಲಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟ ಕೆಲಸ.

ಹನ್ನೊಂದಕ್ಕೆ ನನಗೆ ಕ್ಲಾಸ್ ಇತ್ತು. ಹುಡಗಿ ಎಂಬ ಊರಿನ ಹಾದಿಯಲ್ಲಿರುವ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಅತ್ತೆ ಹೊರಬರುವುದಕ್ಕೆ ಇನ್ನೂ ಹೊತ್ತಿದೆ, ಹೋಗಿ ಬಾ ಎಂದು ಮಲ್ಲಿಕಾರ್ಜುನನೇ ಹೇಳಿದ. ಟಂಟಂ (ನಮ್ಮ ಕಡೆಯ ಶೇರ್ ಆಟೋ) ಹತ್ತಿ ಹೋದೆ. ಅವತ್ತಿನ ಪಾಠ ಯಾವುದು ಗೊತ್ತೇ? ಸಾಹಿತ್ಯದಲ್ಲಿ ಸಂಕೇತ.

ಹುರುಪಿನಿಂದ ಶುರುಮಾಡಿದೆ. ಕಾವ್ಯದಲ್ಲಿ ದೀಪ ಬಂದರೆ ಬರೀ ಎಣ್ಣೆ ಬತ್ತಿಯಲ್ಲ, ಹಂಸ ಬಂದರೆ ಬರೀ ಹಕ್ಕಿಯಲ್ಲ. ಶಿಲುಬೆ ಒಂದು ಕಾಲಕ್ಕೆ ಮನುಷ್ಯರನ್ನು ಕೊಲ್ಲುವ ಸಾಧನವಾಗಿತ್ತು, ಈಗ ಕರುಣೆಯ ಗುರುತು. ಶಿವನ ಜಡೆಯಲ್ಲೂ ಅರ್ಧ ಚಂದ್ರ, ಮಸೀದಿಯ ಗುಮ್ಮಟದ ಮೇಲೂ ಅರ್ಧ ಚಂದ್ರ, ಆಕಾಶದಲ್ಲಿರುವುದು ಒಂದೇ. ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಯಿತು. ಆಕಳಿಕೆ ಕಂಡರೆ ಮೇಷ್ಟರಿಗೆ ಏನಾಗುತ್ತದೆ ಎಂದು ಮೇಷ್ಟರಿಗೇ ಗೊತ್ತು. ನಾನು ಚೀಲಕ್ಕೆ ಕೈಹಾಕಿ ಅತ್ತೆಯ ಕರಡಿಗೆಯನ್ನು ಹೊರತೆಗೆದು ಎತ್ತಿ ಹಿಡಿದೆ.

ಹೌದು, ತೋರಿಸಿದೆ. (ಮುಚ್ಚಳ ತೆರೆಯಲಿಲ್ಲ. ಅಷ್ಟಾದರೂ ಬುದ್ಧಿ ಇತ್ತು.) ನೋಡಿ, ಇದರೊಳಗಿರುವುದು ಕುರುಹು, ಅದು ಸೂಚಿಸುವುದು ಅರಿವು, ಕುರುಹು ಹಿಡಿದು ಅರಿವಿಗೆ ಹೋಗಬೇಕು ಎಂದೆಲ್ಲ ಹೇಳಿದೆ. ಕ್ಲಾಸು ಗಪ್ ಚಿಪ್ ಆಯಿತು. ಬೆಲ್ ಹೊಡೆಯಿತು. ಗೆದ್ದ ಖುಷಿಯಲ್ಲಿ ಕರಡಿಗೆಯನ್ನು ಚೀಲದ ಒಳಖಾನೆಗೆ ಹಾಕುವ ಬದಲು ಹೊರಗಿನ ಸೈಡ್ ಪಾಕೆಟ್ಟಿಗೆ ಹಾಕಿದೆ. ಮೊಬೈಲ್, ಬೀಗದ ಕೈ, ಬಸ್ ಟಿಕೆಟಿನ ಚೂರುಗಳಿರುವ ಪಾಕೆಟ್.

ಟಂಟಂನಲ್ಲಿ ವಾಪಸ್ ಬರುವಾಗ ಮಲ್ಲಿಕಾರ್ಜುನನ ಫೋನ್ ಬಂತು. ತೆಗೆದೆ, ಮಾತಾಡಿದೆ, ಇಟ್ಟೆ. ಆಸ್ಪತ್ರೆ ಮುಟ್ಟಿದಾಗ ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ನನ್ನ ದನಿ ಕೇಳಿದ್ದೇ ಕೈ ಚಾಚಿದಳು.

ಸೈಡ್ ಪಾಕೆಟ್ಟಿನಲ್ಲಿ ಬೀಗದ ಕೈ ಇತ್ತು. ಟಿಕೆಟಿನ ಚೂರುಗಳಿದ್ದವು. ಅದು ಇರಲಿಲ್ಲ.

ಚೀಲವನ್ನು ಮಂಚದ ಮೇಲೆ ಬೋರಲು ಹಾಕಿದೆ. ಒಳಖಾನೆ, ಲೈನಿಂಗ್, ಪುಸ್ತಕದ ನಡುವೆ, ಎಲ್ಲ ಹುಡುಕಿದೆ. ಅತ್ತೆಯ ಕೈ ಹಾಗೆಯೇ ಚಾಚಿಕೊಂಡಿತ್ತು. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಅದನ್ನು ಮಡಿಲಿಗೆ ಇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮಧ್ಯಾಹ್ನ ಹುಮನಾಬಾದಿನ ನನ್ನ ಮನೆಗೆ ಕರೆತಂದೆವು. ಡಾಕ್ಟರು ಊಟ ಮಾಡಿ ಮಾತ್ರೆ ನುಂಗಬೇಕು ಎಂದಿದ್ದರು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಗಂಜಿ ಮುಂದಿಟ್ಟರೆ ತಟ್ಟೆಯನ್ನು ಮೆಲ್ಲಗೆ ಸರಿಸಿದಳು. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡಳು, ಬಾಯಿಗೆ ನೀರು ಹಾಕಿಕೊಳ್ಳಲಿಲ್ಲ. ಹಿಂದಿನ ಕಾಲದಲ್ಲಿ ಲಿಂಗ ಕಳೆದುಕೊಂಡವರು ಪ್ರಾಣವನ್ನೇ ಬಿಡುತ್ತಿದ್ದರಂತೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದು ಆಗಲೇ ನೆನಪಾಗಬೇಕೇ?

ಮಲ್ಲಿಕಾರ್ಜುನ, ಮಠಕ್ಕೆ ಹೋಗಿ ಹೊಸದು ಕಟ್ಟಿಸಿಕೊಂಡು ಬರೋಣ, ಎಷ್ಟೋ ಜನ ಹಾಗೇ ಮಾಡುತ್ತಾರೆ ಎಂದ. ನಾನು ಅವನ ಮಾತಿಗೆ ಪುಸ್ತಕದ ಬಲ ಕೊಟ್ಟೆ. ಅದು ಕುರುಹು ಅತ್ತಿ, ಕುರುಹು ಹೋದರೆ ಅದು ತೋರಿಸುವ ವಸ್ತು ಎಲ್ಲಿಗೆ ಹೋಗುತ್ತದೆ ಎಂದೆ. ಬೆಳಿಗ್ಗೆ ಕ್ಲಾಸಿನಲ್ಲಿ ಹೇಳಿದ್ದನ್ನೇ ಹೇಳಿದೆ. ಕ್ಲಾಸಿನಲ್ಲಿ ಚೆನ್ನಾಗಿ ಕೇಳಿಸಿತ್ತು.



"ನೀ ಹೇಳೂದು ಖರೆ ಅದ" ಎಂದಳು ಅತ್ತೆ. "ಕುರುಹೇ ಅದು. ಆದ್ರ ನನ್ನ ಕುರುಹು. ದೀಕ್ಷಾ ಆದಾಗಿಂದ ಈ ಅಂಗೈಯಾಗಿನ ಬಿಸಿ ಉಂಡದ. ಇನ್ನೊಂದು ತಂದು ಇದ ಅದು ಅನ್ನಾಕ ಬರ್ತದೇನ? ಮೊದಲ ಹುಡುಕ್ರಿ."

ಹುಡುಕಲು ಹೊರಟೆ. ಕಾಲೇಜಿಗೆ ಹೋದೆ, ಕ್ಲಾಸಿನ ಬೆಂಚಿನಡಿ ಬಗ್ಗಿ ನೋಡಿದೆ, ಸ್ಟಾಫ್ ರೂಮಿನ ಕಸದ ಬುಟ್ಟಿ ಕೆದಕಿದೆ, ಟಂಟಂ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತೆ. ನನ್ನನ್ನು ಕರೆತಂದ ಟಂಟಂ ಘಾಟಬೋರಾಳದ ಕಡೆ ಬಾಡಿಗೆಗೆ ಹೋಗಿದೆ ಎಂದರು. ಡ್ರೈವರನ ನಂಬರ್ ಯಾರ ಬಳಿಯೂ ಇರಲಿಲ್ಲ. ನನ್ನ ನಂಬರ್ ಕೊಟ್ಟು ಬಂದೆ. ಸುಮ್ಮನೆ ಕೂರಲಾಗದೆ ಇನ್ನೊಂದು ಕೆಲಸ ಮಾಡಿದೆ. ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದೆ. ನಮ್ಮ ಅತ್ತೆಯವರ ಇಷ್ಟಲಿಂಗ ಬೆಳ್ಳಿ ಕರಡಿಗೆ ಸಮೇತ ಹುಡಗಿ–ಹುಮನಾಬಾದ್ ನಡುವೆ ಟಂಟಂನಲ್ಲಿ ಬಿದ್ದುಹೋಗಿದೆ, ಸಿಕ್ಕವರು ದಯವಿಟ್ಟು ತಿಳಿಸಿ. ಇಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಂಜೆ ಏಳಕ್ಕೆ ಅದೇ ಮೆಸೇಜ್ ಮಲ್ಲಿಕಾರ್ಜುನನ ಮೊಬೈಲಿಗೆ ಬಂತು. ಅದೇ ಎಂದೆನೇ? ತಪ್ಪು. ಟಂಟಂನಲ್ಲಿ ವೃದ್ಧೆಯ ಲಿಂಗ ಕಸಿದು ಪರಾರಿ, ಎಲ್ಲಿದ್ದೇವೆ ನಾವು ಎಂದಿತ್ತು. ಜೊತೆಗೆ ಯಾವುದೋ ಬೇರೆ ಲಿಂಗದ ಫೋಟೋ. ಕೆಳಗೆ ಯಾರೋ, ಕಸಿದವರು ಯಾರು ಅಂತ ಎಲ್ಲರಿಗೂ ಗೊತ್ತು ಎಂದು ಬರೆದಿದ್ದರು. ಬಿದ್ದುಹೋಗಿದೆ ಎಂದು ನಾನು ಬರೆದದ್ದು ಕಸಿದರು ಎಂದು ಆಗಲು ಮೂರು ಗಂಟೆ ಸಾಕಾಯಿತು. ನನ್ನ ಮೆಸೇಜನ್ನು ತಕ್ಷಣ ಅಳಿಸಿದೆ. ಅಳಿಸಿ ಏನು ಬಂತು? ಅದು ಆಗಲೇ ನನ್ನದಾಗಿ ಉಳಿದಿರಲಿಲ್ಲ.

ಅಷ್ಟರಲ್ಲಿ ಟಂಟಂ ಡ್ರೈವರನ ಫೋನ್. ಗಾಡಿಯಲ್ಲಿ ಏನೂ ಬಿದ್ದಿಲ್ಲ ಎಂದ. ಹಾಗೇ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಬುರ್ಖಾ ಹಾಕಿದ ಹೆಣ್ಣುಮಗಳೊಬ್ಬಳು ಬಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು, ಹುಡಗಿಯಲ್ಲಿ ಯಾರದೋ ಸೀಮಂತದ ಕುಬಸಕ್ಕೆ ಬಳೆ ಇಡಿಸಿ ಬಂದವಳು, ಬಸವಕಲ್ಯಾಣದ ಬಸ್ಸು ಹಿಡಿಯಲು ಇಳಿದಳು, ಕೋಟೆ ಕಡೆ ಅವರ ಮನೆ ಎಂದೂ ಹೇಳಿದ. ಫೋನ್ ಸ್ಪೀಕರಿನಲ್ಲಿತ್ತು. ಬುರ್ಖಾ ಎಂಬ ಶಬ್ದ ಕೇಳಿದೊಡನೆ ಮಲ್ಲಿಕಾರ್ಜುನನ ಮುಖ ಬದಲಾದದ್ದು ಕಂಡೆ. ಅವನು ಕೆಟ್ಟವನಲ್ಲ. ನನ್ನ ಮುಖವೂ ಬದಲಾಗಿತ್ತೇನೋ, ನನಗೆ ಕಾಣುವಂತಿರಲಿಲ್ಲ. ಅವಳಿಗೆ ಸಿಕ್ಕಿರಬಹುದೇ ಎಂದು ಯೋಚಿಸಬೇಕಾದ ನಾನು, ಅವಳು ತೆಗೆದುಕೊಂಡಿರಬಹುದೇ ಎಂದು ಯೋಚಿಸುತ್ತಿದ್ದೆ.

ಬೆಳಿಗ್ಗೆ ನಾಲ್ಕು ಜನ ದೋಸ್ತರನ್ನು ಕರಕೊಂಡು ಹೋಗುತ್ತೇನೆ ಎಂದ ಮಲ್ಲಿಕಾರ್ಜುನ. ಒಳಗಿಂದ ಅತ್ತೆಯ ದನಿ ಬಂತು. ಅವನು ತನ್ನನ್ನು ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು, ಕಲ್ಯಾಣಕ್ಕೆ ಸುಜಾತಾ ಒಬ್ಬಳೇ ಹೋಗಲಿ ಎಂದಳು. ಕಳೆದವಳೇ ತರಲಿ ಎಂದು ಸೇರಿಸಲಿಲ್ಲ. ನನಗೆ ಮಾತ್ರ ಹಾಗೆಯೇ ಕೇಳಿಸಿತು.

ಮರುದಿನ ಮೊದಲ ಬಸ್ಸು. ಮುಕ್ಕಾಲು ಗಂಟೆಯ ಹಾದಿ. ಮನಸ್ಸು ಒಂದೆಡೆ ನಿಲ್ಲದಿದ್ದಾಗ ಕಣ್ಣಾದರೂ ಎಲ್ಲಿ ನಿಲ್ಲುತ್ತದೆ? ಡ್ರೈವರನ ಮುಂದೆ ನಿಂಬೆ ಮೆಣಸಿನಕಾಯಿ. ಎದುರಿನ ಹೆಂಗಸಿನ ಹಣೆಯಲ್ಲಿ ಕಾಸಗಲ ಕುಂಕುಮ. ಪಕ್ಕದ ಮುದುಕನಿಗೆ ಜಾಳಿಗೆ ಟೋಪಿ. ಹಿಂದೊಬ್ಬ ಹುಡುಗಿಯ ಕೊರಳಲ್ಲಿ ಸಣ್ಣ ಶಿಲುಬೆ, ಅವಳ ಪಕ್ಕದವಳ ಹಣೆಗೆ ವಿಭೂತಿ. ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ಹೊರಳುವಷ್ಟರಲ್ಲಿ ನಾನು ಇಡೀ ಬಸ್ಸನ್ನು ಜಾತಿವಾರು ವಿಂಗಡಿಸಿ ಮುಗಿಸಿದ್ದೆ. ಒಬ್ಬರ ಹೆಸರೂ ಕೇಳಿರಲಿಲ್ಲ. ಇದನ್ನು ಯಾವ ಕ್ಲಾಸಿನಲ್ಲಿ ಕಲಿತೆ ನಾನು?

ಕೋಟೆ ಕಡೆಯ ಗಲ್ಲಿಯಲ್ಲಿ ಬಳೆ ಮಾರುವ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಬಾಗಿಲಲ್ಲಿ ಗೋಣಿಯ ಪರದೆ. ಕೂಗಿದೆ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು ಹೊರಬಂದು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ನನ್ನ ಹತ್ರ ಏನೂ ಇಲ್ರಿ ಅಕ್ಕಾರ."

ನಾನಿನ್ನೂ ಏನನ್ನೂ ಕೇಳಿರಲಿಲ್ಲ. ಅಂದರೆ ಇವಳಲ್ಲೇ ಇದೆ. ಅಂದರೆ ಇವಳಿಗೆ ಭಯವಾಗಿದೆ. ಎರಡನೆಯದು ನನಗೆ ಹೊಳೆಯಲು ಸ್ವಲ್ಪ ತಡವಾಯಿತು, ಒಪ್ಪಿಕೊಳ್ಳುತ್ತೇನೆ. ಅವಳ ಹಿಂದೆ ಅವಳ ಗಂಡನ ತಾಯಿ ಮುದುಕಿ, ಅವಳ ಹಿಂದೆ ಗಂಡ, ಮೂವರೂ ಗಲ್ಲಿಯಲ್ಲಿ ನನ್ನ ಜೊತೆ ಇನ್ನಾರು ಬಂದಿದ್ದಾರೆ ಎಂದು ನೋಡುತ್ತಿದ್ದರು.

ನಾನು ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಕೂತೆ. ಒಬ್ಬಳೇ ಬಂದಿದ್ದೇನೆ ಎಂದೆ. ಕಾಲೇಜು, ಕ್ಲಾಸು, ಸೈಡ್ ಪಾಕೆಟ್, ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಯಾವುದಕ್ಕೂ ಅವಳು ಅಲುಗಲಿಲ್ಲ. ಕಡೆಗೆ, ನಮ್ಮತ್ತೆ ನಿನ್ನೆಯಿಂದ ನೀರು ಕೂಡ ಮುಟ್ಟಿಲ್ಲ, ಅದನ್ನು ನೋಡದೆ ಉಣ್ಣುವುದಿಲ್ಲ ಎಂದೆ.

"ನಿನ್ನಿಲಿಂದ ಉಪಾಸನೇ?" ಎಂದು ಕೇಳಿದವಳು ಒಳಗಿದ್ದ ಮುದುಕಿ. ಆಮೇಲೆ ಸೊಸೆಗೆ ದಖನಿ ಉರ್ದುವಿನಲ್ಲಿ ಏನೋ ಹೇಳಿದಳು. ಸೊಸೆ ಒಳಗೆ ಹೋದಳು. ನೀರು ಸುರಿದ ಸದ್ದು ಕೇಳಿತು. ಕೈ ತೊಳೆದುಕೊಂಡು, ಒರೆಸಿಕೊಂಡು, ಹೊಸ ದುಪಟ್ಟಾದಲ್ಲಿ ಸುತ್ತಿದ್ದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

ಫೋನ್ ಎಳೆದಾಗ ಅದು ನನ್ನ ಚೀಲದಿಂದ ಜಾರಿ ಅವಳ ಬುಟ್ಟಿಯಲ್ಲಿ ಬಳೆಯ ಡಬ್ಬಿಗಳ ನಡುವೆ ಕೂತುಬಿಟ್ಟಿತ್ತು. ಮನೆಗೆ ಬಂದು ಬುಟ್ಟಿ ಇಳಿಸಿದಾಗ ಕಂಡಿದೆ. ಕಣ್ಣಿಗೆ ಹಚ್ಚುವ ಸುರ್ಮಾದ ಡಬ್ಬಿ ಎಂದುಕೊಂಡು ಮುಚ್ಚಳ ತೆರೆದವಳು, ಒಳಗಿನ ಬಟ್ಟೆ ನೋಡಿದ್ದೇ ಮುಚ್ಚಿದ್ದಾಳೆ. ಬಳೆ ಇಡಿಸಲು ಹೋದ ಎಷ್ಟೋ ಮನೆಗಳಲ್ಲಿ ಹೆಂಗಸರ ಕೊರಳಲ್ಲಿ ಇದನ್ನು ನೋಡಿದವಳು ಅವಳು. ಮರುದಿನ ಹುಮನಾಬಾದಿಗೆ ಹೋಗಿ ಟಂಟಂನವನಿಗೆ ಕೊಟ್ಟು ಬರುವುದೆಂದು ಮಾತಾಗಿತ್ತು. ಸಂಜೆ ಮೈದುನನ ಫೋನಿಗೆ ಆ ಮೆಸೇಜ್ ಬಂದಿದೆ. ಕಸಿದವರು ಎಂದರೆ ತಾವೇ! ಪೊಲೀಸರಿಗೆ ಕೊಡಲು ಭಯ. ಮಠದ ಬಾಗಿಲಿಗೆ ಬುರ್ಖಾ ಹಾಕಿಕೊಂಡು, ಕೈಯಲ್ಲಿ ಲಿಂಗ ಹಿಡಿದು ಹೋಗಿ ನಿಂತರೆ ಮೊದಲ ಮಾತು ಕೇಳುವವರು ಯಾರು? ಗಂಡ, ಕೆರೆಗೆ ಹಾಕಿ ಬಾ, ಪೀಡೆ ಹೋಗಲಿ ಎಂದನಂತೆ.

"ಕೈ ಬರಲಿಲ್ರಿ" ಎಂದಳು. "ಯಾರೋ ಮುದುಕಿ ಹುಡುಕಾಕತ್ತಿರ್ತಾಳ ಅನ್ನಿಸ್ತು. ನೀರಾಗ ಹ್ಯಾಂಗ ಒಗೀಲಿ? ಅಲಮಾರಿ ಮ್ಯಾಲ ಇಟ್ಟಿದ್ದೆ. ಆ ಕಡೆ ಯಾರೂ ಕಾಲು ಚಾಚಿ ಮಲಗಬ್ಯಾಡ್ರಿ ಅಂತ ಮನಿಯಾಗ ಎಲ್ಲಾರಿಗೂ ಹೇಳಿದ್ದೆ."

ಇರುವುದು ಒಂದೇ ಕೋಣೆ. ಮಲಗುವವರು ಏಳು ಜನ. ಆ ರಾತ್ರಿ ಏಳು ಜನ ತಮ್ಮ ಹಾಸಿಗೆಯ ದಿಕ್ಕು ಬದಲಿಸಿದ್ದರು.

ಏನು ಹೇಳಬೇಕೋ ತಿಳಿಯದೆ, ನಿಮ್ಮ ಬಗ್ಗೆ ಎಲ್ಲರಿಗೂ ಬರೆದು ತಿಳಿಸುತ್ತೇನೆ, ಫೋಟೋ ಹಾಕುತ್ತೇನೆ ಎಂದೆ. ಉಪಕಾರ ಮಾಡುವ ಉಮೇದು ನನಗೆ. ಅವಳು ಗಾಬರಿಯಿಂದ ಕೈ ಆಡಿಸಿದಳು.

"ನನ್ನ ಹೆಸರ ಎಲ್ಲೂ ಹಾಕಬ್ಯಾಡ್ರಿ. ನೀವು ಬರೆದಿದ್ರಲ್ಲಾ, ಅದನ್ನ ತೆಗೀರಿ. ಅಷ್ಟ ಮಾಡ್ರಿ."

ತೆಗೆದಿದ್ದೇನೆ ಎಂದೆ. ಹಾಗಾದರೆ ಮೈದುನನ ಫೋನಿನಲ್ಲಿ ಇನ್ನೂ ಯಾಕೆ ಇದೆ ಎಂದು ಕೇಳಿದಳು.

ಮಧ್ಯಾಹ್ನಕ್ಕೆ ಮೊದಲೇ ಮನೆ ಸೇರಿದೆ. ಅತ್ತೆಯ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟಿದ್ದರು. ತುಟಿ ಒಣಗಿ ಬಿಳಿಚಿತ್ತು, ಕೂತಲ್ಲೇ ಸ್ವಲ್ಪ ತೂಗುತ್ತಿದ್ದಳು. ತಲೆಗೆ ನೀರು ಹಾಕಬಾರದು ಎಂದಿದ್ದರಿಂದ ಕೊರಳವರೆಗೆ ಸ್ನಾನ ಮಾಡಿದಳು. ವಿಭೂತಿ ಹಚ್ಚಿಕೊಂಡು, ಕನ್ನಡಕ ತೆಗೆದು, ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡಳು. ನೋಡಿದಳು. ಮತ್ತೆ ನೋಡಿದಳು. ಹುಬ್ಬು ಗಂಟಾಯಿತು.

"ಇದು ನಂದೇ ಏನ?" ಎಂದಳು.

ಎಷ್ಟೋ ದಿನಗಳಿಂದ ಆಕೆ ನೋಡುತ್ತಿದ್ದುದು ಮಸುಕು ಲಿಂಗವನ್ನು. ಇದರ ಮೇಲೆ ಗೆರೆಗಳಿದ್ದವು, ಬುಡದಲ್ಲಿ ಒಂದು ಕಡೆ ಕಪ್ಪು ಸವೆದಿತ್ತು. ಹೊಸ ಕಣ್ಣಿಗೆ ಅದು ಗುರುತೇ ಸಿಗಲಿಲ್ಲ. ಮಲ್ಲಿಕಾರ್ಜುನ ನನ್ನ ಕಡೆ ನೋಡಿದ. ಅತ್ತೆ ಎರಡೂ ಕಣ್ಣು ಮುಚ್ಚಿದಳು. ಬೆರಳುಗಳನ್ನು ಮೆಲ್ಲಗೆ ಮಡಚಿ ಹಿಡಿದು ಕೂತಳು.

"ನಂದೇ" ಎಂದಳು.

ಪೂಜೆ ಆದಮೇಲೆ, ಸೈಡ್ ಪಾಕೆಟ್ಟಿಗೆ ಅದು ಹ್ಯಾಗೆ ಬಂತು ಎಂದು ಕೇಳಿದಳು. ಮುಚ್ಚಿಡಲಿಲ್ಲ. ಕ್ಲಾಸಿನಲ್ಲಿ ಎತ್ತಿ ತೋರಿಸಿದ್ದನ್ನು ಹೇಳಿದೆ. ಹುಡುಗರಿಗೆ ಏನು ಹೇಳಿದೆ ಎಂದು ಕೇಳಿದಳು. ಕುರುಹು, ಅರಿವು, ಎಲ್ಲ ಹೇಳಿದೆ ಎಂದೆ. ಅವರು ಏನಂದರು ಎಂದಳು. ಬರೆದುಕೊಂಡರು ಎಂದೆ. ಆಕೆ ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಮಲ್ಲಿಕಾರ್ಜುನ ಆಗ ಬಾಯಿಬಿಟ್ಟ. ಬೇರೆಯವರ ಮನೆಯಲ್ಲಿ ಒಂದು ರಾತ್ರಿ ಇದ್ದು ಬಂದದ್ದು, ಸ್ವಾಮಿಗಳನ್ನು ಕೇಳಿ ಶುದ್ಧಿ ಮಾಡಿಸಬೇಕಲ್ಲವೇ ಎಂದ. ಅತ್ತೆ ನನ್ನ ಕಡೆ ತಿರುಗಿದಳು.

"ಅಕಿ ಎಲ್ಲಿ ಇಟ್ಟಿದ್ಲು?"

ಅಲಮಾರಿ ಮೇಲೆ, ಆ ಕಡೆ ಯಾರೂ ಕಾಲು ಚಾಚಿ ಮಲಗಲಿಲ್ಲವಂತೆ ಎಂದೆ.

"ನೀ ಎಲ್ಲಿ ಇಟ್ಟಿದ್ದಿ?"

ಅತ್ತೆ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು, ಗಂಜಿ ತಾ ಎಂದಳು. ಎರಡು ಬಟ್ಟಲು ಕುಡಿದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ. ಲಿಂಗ ಸಿಕ್ಕಿದೆ, ಯಾರೂ ಕಸಿದಿರಲಿಲ್ಲ, ನನ್ನ ಕೈಯಿಂದಲೇ ಬಿದ್ದಿತ್ತು ಎಂದು ಅವತ್ತೇ ಹೊಸ ಮೆಸೇಜ್ ಬರೆದೆ. ಮೂರು ಜನ ಕೈಮುಗಿದ ಎಮೋಜಿ ಹಾಕಿದರು (ಅದರ ಅರ್ಥ ವಂದನೆಯೋ, ಇನ್ನು ಸಾಕು ಎಂದೋ, ಯಾರಿಗೆ ಗೊತ್ತು). ಯಾರೂ ಮುಂದಕ್ಕೆ ಕಳಿಸಲಿಲ್ಲ. ಹತ್ತು ದಿನದ ಮೇಲೆ ದೂರದ ಊರಿನ ಗೆಳತಿಯೊಬ್ಬಳು ಹಳೆಯದನ್ನೇ ಕಳಿಸಿ, ನಿಮ್ಮ ಕಡೆ ಹೀಗಾಗಿದೆಯಂತೆ, ಜೋಪಾನ ಎಂದಳು. ಇದು ನಮ್ಮದೇ ಮನೆಯ ವಿಷಯ, ಸುಳ್ಳು ಎಂದು ಉದ್ದಕ್ಕೆ ಬರೆದೆ. ಹಾಗಾದರೆ ಇದು ಬೇರೆ ಕಡೆಯದು ಇರಬೇಕು ಎಂದು ಉತ್ತರ ಬಂತು.

ಗುರಮ್ಮತ್ತೆ ಊರಿಗೆ ಹೋಗುವ ಮುಂಚೆ, ಆ ಹೆಣ್ಣುಮಗಳನ್ನು ಊಟಕ್ಕೆ ಕರಿ ಎಂದಳು. ಅವತ್ತು ಪಡೆದುಕೊಂಡಿದ್ದ ನಂಬರಿಗೆ ಫೋನ್ ಮಾಡಿದೆ. ಆಮ್ಯಾಲ ನೋಡೂಣ್ರಿ ಎಂದಳು ಅವಳು, ಮರ್ಯಾದೆಯಿಂದ. ಹುಡಗಿಯ ಕಡೆ ಬಳೆ ಮಾರಲು ಬರುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾಳಂತೆ.

ಈ ಬರಹದಲ್ಲಿ ನಮ್ಮತ್ತೆಯ ಹೆಸರಿದೆ, ಅವಳ ಮಗನ ಹೆಸರಿದೆ, ತಪ್ಪು ಮಾಡಿದ ನನ್ನ ಹೆಸರೂ ಇದೆ; ತಪ್ಪೇ ಮಾಡದ ಅವಳ ಹೆಸರನ್ನು ಮಾತ್ರ ಯಾಕೆ ಮುಚ್ಚಿಡಬೇಕಾಯಿತು?